ಬೇಲಿ ಮುರಿದ ಕಾರ್ಯದರ್ಶಿ: ವಿಯೆಟ್ನಾಂನ ವಿನ್ ಫುಕ್ ಪ್ರಕರಣ

1966ರ ಸೆಪ್ಟೆಂಬರ್ 10ರಂದು ಉತ್ತರ ವಿಯೆಟ್ನಾಂನ ವಿನ್ ಫುಕ್ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಸಮಿತಿ ಒಂದು ನಿರ್ಣಯ ಹೊರಡಿಸಿತು. ಸಂಖ್ಯೆ 68. ತಲೆಬರಹ ಓದಿದರೆ ಆಕಳಿಕೆ ಬರಬೇಕು: ಕೃಷಿ ಸಹಕಾರ ಸಂಘಗಳಲ್ಲಿ ದುಡಿಮೆಯ ನಿರ್ವಹಣೆ ಕುರಿತ ಕೆಲವು ವಿಷಯಗಳು. ಕಡತದ ಭಾಷೆ ಎಲ್ಲ ದೇಶದಲ್ಲೂ ಒಂದೇ, ಮುಖ್ಯವಾದದ್ದನ್ನು ನಿದ್ದೆ ಬರಿಸುವ ಹೆಸರಿನ ಕೆಳಗೆ ಬಚ್ಚಿಡುತ್ತಾರೆ. ಒಳಗಿದ್ದ ಸಂಗತಿ ಇಷ್ಟೇ. ಸಂಘದ ಗದ್ದೆಯ ಕೆಲಸವನ್ನು ಇನ್ನು ಮುಂದೆ ಮನೆಮನೆಗೆ ಗುತ್ತಿಗೆ ಕೊಡಬಹುದು. ಒಪ್ಪಿದಷ್ಟು ಭತ್ತ ಸಂಘಕ್ಕೆ, ಅದರ ಮೇಲೆ ಬೆಳೆದದ್ದು ಬೆಳೆದವರಿಗೆ.

ಇಷ್ಟು ಸಣ್ಣ ಮಾತು ದೇಶದ ನೀತಿಯಾಗಲು 22 ವರ್ಷ ಹಿಡಿಯಿತು.

ವಿಯೆಟ್ನಾಂ ಬಗ್ಗೆ ಈಗ ಬರುವ ಬರಹಗಳು ಸಾಮಾನ್ಯವಾಗಿ 1986ರಿಂದ ಶುರುವಾಗುತ್ತವೆ. ಆ ವರ್ಷ ಪಕ್ಷ 'ದೊಯ್ ಮೊಯ್' ಎಂಬ ಸುಧಾರಣೆ ಘೋಷಿಸಿತು, ಮಾರುಕಟ್ಟೆಯ ಬಾಗಿಲು ತೆರೆಯಿತು, ಬಡದೇಶ ರಫ್ತಿನ ದೇಶವಾಯಿತು ಎಂಬ ಕಥೆ. ಅದು ಸುಳ್ಳಲ್ಲ. ಆದರೆ ಮೇಲೆ ಕೂತವರಿಗೆ ಒಂದು ದಿನ ಬುದ್ಧಿ ಬಂತು, ಕೆಳಗಿನವರು ಉದ್ಧಾರವಾದರು ಎನ್ನುವ ಅದರ ಧಾಟಿ ನನಗೆ ಒಪ್ಪಿಗೆಯಿಲ್ಲ. ಬುದ್ಧಿ ಕೆಳಗೇ ಇತ್ತು, ಇಪ್ಪತ್ತು ವರ್ಷ ಮೊದಲೇ ಕಾಗದದ ಮೇಲೂ ಇತ್ತು. ವಿರೋಧ ಪಕ್ಷವಿಲ್ಲದ, ಪತ್ರಿಕೆಗಳೆಲ್ಲ ಪಕ್ಷದ ಅಥವಾ ಸರ್ಕಾರದ ಕೈಯಲ್ಲಿರುವ ದೇಶದಲ್ಲಿ ತಪ್ಪು ತಪ್ಪೆಂದು ತಿಳಿಯುವುದು ಹೇಗೆ, ತಿಳಿದವರು ಏನು ಮಾಡುತ್ತಾರೆ, ತಿದ್ದಿಕೊಳ್ಳಲು ಎಷ್ಟು ತಡವಾಗುತ್ತದೆ, ಆ ತಡದ ಬೆಲೆ ಯಾರ ತಟ್ಟೆಯಿಂದ ಹೋಗುತ್ತದೆ ಎಂಬುದನ್ನೆಲ್ಲ ನೋಡಲು ವಿನ್ ಫುಕ್‌ಗಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ.

ಗದ್ದೆಗೆ ಹೊಡೆಯುವ ಗಂಟೆ

ವಿನ್ ಫುಕ್ ಇರುವುದು ರಾಜಧಾನಿ ಹನೋಯ್‌ನ ವಾಯವ್ಯಕ್ಕೆ. ಒಂದು ಕಡೆ ತಾಮ್ ದಾವ್ ಬೆಟ್ಟಸಾಲು, ಇನ್ನೊಂದು ಕಡೆ ಕೆಂಪು ನದಿಯ ಬಯಲು. ಅಲ್ಲಿನವರು ಗದ್ದೆಯನ್ನು 'ಸಾವೊ' ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಸಾವೊ ಅಂದರೆ 360 ಚದರ ಮೀಟರ್, ನಮ್ಮ ಲೆಕ್ಕಕ್ಕೆ ಮೂರೂವರೆ ಗುಂಟೆ. ಅಳತೆಯ ಸಣ್ಣತನದಲ್ಲೇ ಆ ನೆಲದ ಇಕ್ಕಟ್ಟು ಗೊತ್ತಾಗುತ್ತದೆ.

1953ರಿಂದ 56ರವರೆಗೆ ಅಲ್ಲಿ ಭೂಸುಧಾರಣೆ ನಡೆಯಿತು. ಜಮೀನ್ದಾರರ ನೆಲ ಕಿತ್ತು ಉಳುವವರಿಗೆ ಹಂಚಿದರು. ಜೊತೆಗೆ ಸಾವಿರಾರು ಜನರನ್ನು, ಅವರಲ್ಲಿ ಜಮೀನ್ದಾರರೇ ಅಲ್ಲದವರನ್ನೂ, ಊರ ಮುಂದೆ ನಿಲ್ಲಿಸಿ ವಿಚಾರಣೆಯ ಹೆಸರಲ್ಲಿ ಕೊಂದರು. ಅತಿರೇಕವಾಯಿತೆಂದು ಪಕ್ಷವೇ ಒಪ್ಪಿಕೊಂಡಿತು. ಅದಕ್ಕೆ ಹೊಣೆ ಹೊತ್ತು 1956ರಲ್ಲಿ ಪ್ರಧಾನ ಕಾರ್ಯದರ್ಶಿ ತ್ರುವಾಂಗ್ ಚಿನ್ ಹುದ್ದೆ ಬಿಟ್ಟರು. ಈ ಹೆಸರು ನೆನಪಿರಲಿ. ಅವರ ನಿಜನಾಮ ಬೇರೆ. ಈಗ ಎಲ್ಲರೂ ಕರೆಯುವುದು ಅವರೇ ಇಟ್ಟುಕೊಂಡ ಹೆಸರು, ಅರ್ಥ 'ದೀರ್ಘ ನಡಿಗೆ', ಮಾವೋನ ಆ ಪ್ರಸಿದ್ಧ ನಡಿಗೆಯ ಗೌರವಾರ್ಥ.

ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ನಮ್ಮಲ್ಲಿ 1974ರ ಕಾಯ್ದೆಯ ಕಾಲದಲ್ಲಿ ಕೇಳಿದ್ದೇವೆ. ವಿನ್ ಫುಕ್‌ನ ಒಕ್ಕಲುಗಳಿಗೆ ಆ ಒಡೆತನ ದಕ್ಕಿದ್ದು ಮೂರು ನಾಲ್ಕು ವರ್ಷ. 1958ರಲ್ಲಿ ಸಾಮೂಹಿಕ ಬೇಸಾಯ ಶುರುವಾಯಿತು, 1960 ಮುಗಿಯುವಷ್ಟರಲ್ಲಿ ಉತ್ತರದ ನೂರಕ್ಕೆ 85 ರೈತ ಕುಟುಂಬಗಳು ಸಹಕಾರ ಸಂಘದೊಳಗಿದ್ದವು. ಈ ಸಂಘವನ್ನು ನಮ್ಮೂರ ಹಾಲಿನ ಡೇರಿಯ ಹಾಗೆ ಊಹಿಸಿಕೊಳ್ಳಬಾರದು. ಗದ್ದೆ, ಕೋಣ, ನೇಗಿಲು ಎಲ್ಲ ಸಂಘದ್ದು. ರೈತ ಅಲ್ಲಿ ಹಾಜರಿ ಹಾಕುವ ಆಳು.

ದಿನ ಹೇಗೆ ಸಾಗುತ್ತಿತ್ತೆಂದರೆ, ಬೆಳಗ್ಗೆ ಮರಕ್ಕೆ ನೇತುಹಾಕಿದ ಕಬ್ಬಿಣದ ತುಂಡಿಗೆ ಹೊಡೆದು ಗಂಟೆ ಬಾರಿಸುತ್ತಿದ್ದರು. ರೈಲು ಹಳಿಯ ತುಂಡೋ, ಯುದ್ಧ ಬಂದ ಮೇಲೆ ಬಾಂಬಿನ ಚಿಪ್ಪೋ, ಸದ್ದು ಬಂದರೆ ಸಾಕು. ಜನ ಗುಂಪಾಗಿ ಸೇರಿ ಗದ್ದೆಗೆ ಹೋಗಬೇಕು. ಸಂಜೆ ಗಂಟೆಯಾದರೆ ವಾಪಸ್ಸು. ರಾತ್ರಿ ಸೀಮೆಎಣ್ಣೆ ದೀಪದ ಸುತ್ತ ತಂಡದ ಸಭೆ: ಇವತ್ತು ಯಾರು ಏನು ಮಾಡಿದರು, ಯಾರಿಗೆ ಎಷ್ಟು ಅಂಕ. ಇಡೀ ದಿನದ ಕೆಲಸಕ್ಕೆ ಹತ್ತು ಅಂಕ. ಸುಗ್ಗಿ ಮುಗಿದ ಮೇಲೆ ಸರ್ಕಾರದ ಲೆವಿ, ಸಂಘದ ನಿಧಿ, ಬೀಜ, ಪದಾಧಿಕಾರಿಗಳ ಪಾಲು ಎಲ್ಲ ಕಳೆದು ಉಳಿದ ಭತ್ತವನ್ನು ಅಂಕಗಳಿಗೆ ಭಾಗಿಸುತ್ತಿದ್ದರು. ಕೆಟ್ಟ ವರ್ಷಗಳಲ್ಲಿ ಒಂದು ದಿನದ ದುಡಿಮೆಗೆ ಸಿಗುತ್ತಿದ್ದದ್ದು ಕೆಲವೇ ನೂರು ಗ್ರಾಂ ಭತ್ತ. ಅಕ್ಕಿಯಲ್ಲ, ಭತ್ತ.

ಅಂಕ ಸಿಗುವುದು ದಿನಕ್ಕೆ, ಬೆಳೆಗಲ್ಲ. ಸಸಿಯನ್ನು ಆಳವಾಗಿ ಊರಿದರೂ ಹತ್ತು, ತೇಲಿಸಿ ಬಿಟ್ಟರೂ ಹತ್ತು. ನಾಟಿ ಮಾಡಿಸಿದ ಯಾರಿಗೂ ದಿನಗೂಲಿಗೂ ಗುತ್ತಿಗೆಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ವಿಯೆಟ್ನಾಮಿನಲ್ಲಿ ಇದಕ್ಕೊಂದು ಗಾದೆ ಇದೆ: ಎಲ್ಲರಿಗೂ ಅಪ್ಪನಾದವನು ಸತ್ತರೆ ಅಳುವವರಿಲ್ಲ. 1964ರಲ್ಲಿ ಹೊ ಚಿ ಮಿನ್, ಒಬ್ಬೊಬ್ಬರೂ ಇಬ್ಬರಷ್ಟು ದುಡಿಯೋಣ ಎಂದು ಕರೆ ಕೊಟ್ಟಿದ್ದರು. ಹಳ್ಳಿಯವರು ಅದಕ್ಕೆ ತಮ್ಮದೊಂದು ಬಾಲ ಕಟ್ಟಿದರು. ಒಬ್ಬೊಬ್ಬರೂ ಇಬ್ಬರಷ್ಟು ದುಡಿಯೋಣ, ಸಂಘದ ಅಧ್ಯಕ್ಷರು ರೇಡಿಯೊ ಕೊಳ್ಳಲಿ, ಗಾಡಿ ಕೊಳ್ಳಲಿ. ಒಬ್ಬೊಬ್ಬರೂ ಮೂವರಷ್ಟು ದುಡಿಯೋಣ, ಅಧ್ಯಕ್ಷರು ಮನೆ ಕಟ್ಟಲಿ, ಅಂಗಳ ಹಾಸಲಿ. ಬರೆದವರು ಯಾರೆಂದು ಗೊತ್ತಿಲ್ಲದ ಪದ್ಯ. ಅಂಥ ಕಾಲದಲ್ಲಿ ಗೊತ್ತಾಗದಿರುವುದೇ ಒಳ್ಳೆಯದು.

ಕಣ್ಣಿಗೆ ಹೊಡೆಯುವ ಪುರಾವೆ ಇನ್ನೊಂದಿತ್ತು. ಪ್ರತಿ ಸಂಘವೂ ತನ್ನ ನೆಲದಲ್ಲಿ ನೂರಕ್ಕೆ ಐದರಷ್ಟನ್ನು ಮನೆಗಳಿಗೆ ಸ್ವಂತ ಬಳಕೆಗೆ ಬಿಡಬಹುದಿತ್ತು. ಜನ ಅದನ್ನು ಕರೆಯುತ್ತಿದ್ದದ್ದೇ 'ಐದು ಪರ್ಸೆಂಟ್ ಜಮೀನು' ಎಂದು. ಸಂಘದ ಗದ್ದೆಯಲ್ಲಿ ಕಳೆ ಮೊಣಕಾಲುದ್ದ ನಿಂತಿರುವಾಗ ಪಕ್ಕದ ಈ ಚೂರಿನಲ್ಲಿ ತರಕಾರಿ, ಭತ್ತ, ಹಂದಿಗೆ ಬೇಕಾದ ಗೆಣಸಿನ ಸೊಪ್ಪು ಹುಲುಸಾಗಿರುತ್ತಿತ್ತು. ಅನೇಕ ಮನೆಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಐದು ಪರ್ಸೆಂಟಿನಿಂದಲೇ ಬರುತ್ತಿತ್ತು. ಅದೇ ಮಣ್ಣು, ಅದೇ ನೀರು, ಅದೇ ಕೈ.

ಙ

ವಿನ್ ಫುಕ್ ಪಕ್ಷ ಸಮಿತಿಯ ಕಾರ್ಯದರ್ಶಿಯ ಹೆಸರು ಕಿಮ್ ಙೊಕ್. ಶಾಲೆಯಲ್ಲಿ ಕ ಖ ಗ ಘ ಙ ಎಂದು ಬಾಯಿಪಾಠ ಮಾಡಿ ಆಮೇಲೆ ಜನ್ಮದಲ್ಲಿ ಒಮ್ಮೆಯೂ ಬಳಸದ ಆ ಅಕ್ಷರ ವಿಯೆಟ್ನಾಮಿನಲ್ಲಿ ಲಕ್ಷಾಂತರ ಜನರ ಹೆಸರಿನ ಮೊದಲ ಸದ್ದು. ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು.

ಙೊಕ್ ಹುಟ್ಟಿದ್ದು 1917ರಲ್ಲಿ, ಅದೇ ಪ್ರಾಂತ್ಯದ ಬಡ ರೈತರ ಮನೆಯಲ್ಲಿ. ಅರ್ಥಶಾಸ್ತ್ರ ಓದಿದವರಲ್ಲ, ಬಂಡಾಯಗಾರರೂ ಅಲ್ಲ. ಫ್ರೆಂಚರ ಕಾಲದಿಂದ ಪಕ್ಷದಲ್ಲಿದ್ದ ನಿಷ್ಠಾವಂತ. ಅವರ ಮುಂದಿದ್ದ ಸಮಸ್ಯೆ ಸಿದ್ಧಾಂತದ್ದಲ್ಲ, ಅಕ್ಕಿಯದು. 1965ರಿಂದ ಅಮೆರಿಕದ ವಿಮಾನಗಳು ಉತ್ತರದ ಮೇಲೆ ಬಾಂಬು ಸುರಿಯುತ್ತಿದ್ದವು. ಊರಿನ ಗಂಡುಮಕ್ಕಳು ರಣರಂಗಕ್ಕೆ ಹೋಗಿದ್ದರು, ಗದ್ದೆಯಲ್ಲಿ ಉಳಿದವರು ಹೆಂಗಸರು ಮತ್ತು ಮುದುಕರು. ಸೈನ್ಯಕ್ಕೆ ಭತ್ತ ಬೇಕು, ಇಲ್ಲಿ ಭತ್ತ ಬೆಳೆಯುತ್ತಿಲ್ಲ. ಯುದ್ಧದ ಕಾಲದಲ್ಲಿ ಬೆಳೆ ಕುಸಿದರೆ ಕಾರ್ಯದರ್ಶಿಯೇ ಉತ್ತರ ಹೇಳಬೇಕು.

ಹಾಗೆ ಬಂದದ್ದು ನಿರ್ಣಯ 68. ಅದು ಭೂಮಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಗದ್ದೆ ಸಂಘದ್ದೇ, ಲೆವಿ ಸರ್ಕಾರದ್ದೇ. ಬದಲಾದದ್ದು ಕೆಲಸದ ಹೊಣೆ. ಒಂದು ಕೆಲಸಕ್ಕೋ ಒಂದು ಬೆಳೆಗೋ ಅಥವಾ ಅದಕ್ಕಿಂತ ಉದ್ದದ ಅವಧಿಗೋ ಮನೆಯವರ ಜೊತೆ ಮಾತಾಡಿಕೊಂಡು ಗದ್ದೆ ಒಪ್ಪಿಸಬಹುದು. ಇದಕ್ಕೆ ಅಲ್ಲಿನವರು 'ಖೊವಾನ್ ಹೊ' ಎಂದರು, ಮನೆ ಗುತ್ತಿಗೆ. ಗಂಟೆ ಹೊಡೆಯಬೇಕಿಲ್ಲ, ರಾತ್ರಿ ಅಂಕದ ಪಂಚಾಯ್ತಿ ಬೇಕಿಲ್ಲ. ಬೆಳಗಿನ ಜಾವ ಬಾಂಬು ಬೀಳುವ ಮೊದಲೇ ಗದ್ದೆಗಿಳಿದು ಬಿಸಿಲೇರುವಷ್ಟರಲ್ಲಿ ಮನೆ ಸೇರುವುದು, ಅಜ್ಜಿ ಮಗುವನ್ನೂ ನೋಡಿಕೊಂಡು ಕಣವನ್ನೂ ಕಾಯುವುದು, ಎಲ್ಲ ಮನೆಯ ಅನುಕೂಲಕ್ಕೆ ಬಿಟ್ಟದ್ದು.

ಎರಡು ವರ್ಷದೊಳಗೆ ಪ್ರಾಂತ್ಯದ ಸುಮಾರು ಮುಕ್ಕಾಲು ಪಾಲು ಸಂಘಗಳು ಇದಕ್ಕಿಳಿದವು. ಇಳುವರಿ ಏರಿತೆಂದು, ಹಂದಿಗಳು ಹೆಚ್ಚಿದವೆಂದು ಸಮಿತಿ ಹೇಳಿಕೊಂಡಿತು. ಚೀನಾದ ಶಿಯಾವ್‌ಗಾಂಗ್ ಹಳ್ಳಿಯ 18 ಮನೆಯವರು ಗುಟ್ಟಾಗಿ ಹೆಬ್ಬೆಟ್ಟು ಒತ್ತಿ ಗದ್ದೆ ಹಂಚಿಕೊಂಡ ಕಥೆ ಜಗತ್ತಿಗೆಲ್ಲ ಗೊತ್ತು. ಅದು ನಡೆದದ್ದು 1978ರಲ್ಲಿ. ವಿನ್ ಫುಕ್ ಅದಕ್ಕಿಂತ 12 ವರ್ಷ ಹಿಂದಿನದು, ಅದೂ ಹೆಬ್ಬೆಟ್ಟಿನ ಗುಟ್ಟಿನ ಕಾಗದವಲ್ಲ, ಪಕ್ಷದ ಮೊಹರಿದ್ದ ಅಧಿಕೃತ ನಿರ್ಣಯ.

ನವೆಂಬರ್ 6

1968ರ ನವೆಂಬರ್ 6ರಂದು ತ್ರುವಾಂಗ್ ಚಿನ್ ಬಂದರು. ಆ ಹೊತ್ತಿಗೆ ಅವರು ರಾಷ್ಟ್ರೀಯ ಸಭೆಯ ಸ್ಥಾಯಿ ಸಮಿತಿಯ ಮುಖ್ಯಸ್ಥರು, ಪಕ್ಷದ ಅತ್ಯುನ್ನತ ಮಂಡಳಿಯಾದ ಪಾಲಿಟ್‌ಬ್ಯುರೊದಲ್ಲಿ ಸಿದ್ಧಾಂತದ ವಿಷಯಕ್ಕೆ ಅವರ ಮಾತೇ ತೂಕದ್ದು. ವಿನ್ ಫುಕ್ ಆ ವರ್ಷವಷ್ಟೇ ನೆರೆಯ ಫು ಥೊ ಜೊತೆ ಸೇರಿ ವಿನ್ ಫು ಎಂಬ ಹೊಸ ಪ್ರಾಂತ್ಯವಾಗಿತ್ತು. ಸಭೆಯಲ್ಲಿ ಅವರು ಮನೆ ಗುತ್ತಿಗೆಯನ್ನು ಸಾಲು ಸಾಲಾಗಿ ಬಿಡಿಸಿ ಖಂಡಿಸಿದರು. ಇದು ಸಾಮೂಹಿಕ ಬೇಸಾಯವನ್ನು ಕರಗಿಸುತ್ತದೆ, ಒಂಟಿ ಬೇಸಾಯಕ್ಕೆ ವಾಪಸ್ಸು ಒಯ್ಯುತ್ತದೆ ಎಂಬುದು ಮುಖ್ಯ ಆಕ್ಷೇಪ. ವರ್ಷ ಮುಗಿಯುವುದರೊಳಗೆ ಕೇಂದ್ರದಿಂದ ಸುತ್ತೋಲೆ ಬಂತು: ಮನೆ ಗುತ್ತಿಗೆ ನಿಲ್ಲಿಸಿ.

ತ್ರುವಾಂಗ್ ಚಿನ್‌ರನ್ನು ಇಲ್ಲಿ ಖಳನಾಯಕನಾಗಿ ನಿಲ್ಲಿಸಿ ಮುಂದೆ ಹೋಗುವುದು ಸುಲಭ. ಅವರ ವಾದದಲ್ಲೂ ಹುರುಳಿತ್ತು. ಸಂಘ ಭತ್ತ ಬೆಳೆಯುವುದರಲ್ಲಿ ಸೋತಿರಬಹುದು, ಹಂಚುವುದರಲ್ಲಿ ಸೋತಿರಲಿಲ್ಲ. ಮಗ ಯುದ್ಧಕ್ಕೆ ಹೋದ ಮನೆಗೆ, ದುಡಿಯುವ ಕೈಗಳಿಲ್ಲದ ವಿಧವೆಗೆ ಕಡಿಮೆ ಬೆಲೆಗೆ ತಲೆಗಿಷ್ಟು ಭತ್ತ ಸಿಗುವಂತೆ ಸಂಘ ನೋಡಿಕೊಳ್ಳುತ್ತಿತ್ತು. ಹಿಂದೆ ಅಪ್ಪ ಅಮ್ಮ ಉಪವಾಸ ಬೀಳುವುದಿಲ್ಲ ಎಂಬ ಧೈರ್ಯವಿದ್ದದ್ದರಿಂದಲೇ ಹುಡುಗರು ಬಂದೂಕು ಹಿಡಿದು ದಕ್ಷಿಣಕ್ಕೆ ನಡೆದರು. ಗುತ್ತಿಗೆ ಬಂದರೆ ಗಟ್ಟಿ ಮೈಕೈಯವರ ಮನೆ ಮೇಲೇಳುತ್ತದೆ, ಸೈನಿಕರ ಮನೆ ಹಿಂದೆ ಬೀಳುತ್ತದೆ. ಯುದ್ಧ ನಡೆಸುತ್ತಿರುವ ಸರ್ಕಾರಕ್ಕೆ ಇದು ಸಣ್ಣ ಚಿಂತೆಯಲ್ಲ. 1975ರಲ್ಲಿ ಯುದ್ಧ ಮುಗಿದ ಮೇಲೂ ಅದೇ ವಾದವನ್ನು ಹಿಡಿದು ಕೂತದ್ದಕ್ಕೆ ಮಾತ್ರ ಸಮಜಾಯಿಷಿ ಸಿಗುವುದಿಲ್ಲ.

ಕಿಮ್ ಙೊಕ್ ಆತ್ಮವಿಮರ್ಶೆ ಬರೆದುಕೊಟ್ಟರು. ತಪ್ಪಾಯಿತು ಎಂದರು, ಅದು ಅಚ್ಚೂ ಆಯಿತು. ಆದರೆ ಹುದ್ದೆ ಹೋಗಲಿಲ್ಲ. ಇನ್ನೂ ಎಂಟೊಂಬತ್ತು ವರ್ಷ ಅದೇ ಕುರ್ಚಿಯಲ್ಲಿದ್ದು ನಿವೃತ್ತರಾದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಹತ್ತು ವರ್ಷ ಹಿಂದೆ, 1956–58ರಲ್ಲಿ, ಹನೋಯ್‌ನ ಕೆಲವು ಕವಿಗಳು, ಲೇಖಕರು ಬರೆಯುವ ಸ್ವಾತಂತ್ರ್ಯ ಬೇಕೆಂದು ಎರಡು ಪತ್ರಿಕೆಗಳನ್ನು ಹೊರಡಿಸಿದಾಗ ಅವು ಮುಚ್ಚಿದವು, ಹಲವರು ಮೂವತ್ತು ವರ್ಷ ಒಂದು ಸಾಲೂ ಪ್ರಕಟಿಸಲಾಗದೆ ಬದುಕಿದರು, ಕೆಲವರು ಜೈಲು ಕಂಡರು. 1967ರಲ್ಲಿ ಪಕ್ಷದೊಳಗೇ ಯುದ್ಧನೀತಿಯ ಬಗ್ಗೆ ಭಿನ್ನ ಮಾತಾಡಿದವರನ್ನು ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೂಡಿಹಾಕಿದರು. ಅದೇ ವರ್ಷಗಳಲ್ಲಿ ಇಡೀ ಪ್ರಾಂತ್ಯದ ಬೇಸಾಯವನ್ನೇ ಪಕ್ಷದ ನೀತಿಗೆ ಅಡ್ಡಡ್ಡ ತಿರುಗಿಸಿದವನಿಗೆ ಒಂದು ಕ್ಷಮಾಪಣೆ ಪತ್ರ ಸಾಕಾಯಿತು. ನನಗನಿಸುವಂತೆ ವ್ಯತ್ಯಾಸ ಇರುವುದು ಮಾತಿಗೂ ಮಾಡುವುದಕ್ಕೂ ನಡುವೆ. ಙೊಕ್ ಎಂದೂ ಪಕ್ಷ ತಪ್ಪು ಎನ್ನಲಿಲ್ಲ, ಸಂಘಗಳನ್ನು ಗಟ್ಟಿಮಾಡುತ್ತಿದ್ದೇನೆ ಎಂದೇ ಹೇಳಿದರು. ಆ ವ್ಯವಸ್ಥೆ ಅವಿಧೇಯ ಕೈಯನ್ನು ಸಹಿಸಿತು, ಅವಿಧೇಯ ನಾಲಿಗೆಯನ್ನು ಸಹಿಸಲಿಲ್ಲ.

ಕೈಗಳು ಇದನ್ನು ಬೇಗ ಅರ್ಥಮಾಡಿಕೊಂಡವು.

ನುಸುಳು ಗುತ್ತಿಗೆ

ಸುತ್ತೋಲೆ ಬಂದ ಮೇಲೂ ಗುತ್ತಿಗೆ ಪೂರ್ತಿ ಸಾಯಲಿಲ್ಲ. ಹೆಸರು ಬದಲಾಯಿತು: 'ಖೊವಾನ್ ಚುಯ್'. ಚುಯ್ ಅಂದರೆ ಬಗ್ಗಿ ನುಸುಳುವುದು, ಬೇಲಿಯ ಕೆಳಗೆ ನಾಯಿ ನುಸುಳಿದ ಹಾಗೆ. ದೊಡ್ಡ ಮಟ್ಟದಲ್ಲಿ ನಡೆದರೆ ಅದಕ್ಕೆ ಇನ್ನೊಂದು ಮಾತು, ಬೇಲಿ ಮುರಿಯುವುದು. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಅಲ್ಲಿ ಹೊಲ ಉಳಿಯಲು ಬೇಲಿ ಮುರಿಯಬೇಕಾಯಿತು.

1975ರಲ್ಲಿ ದಕ್ಷಿಣದ ರಾಜಧಾನಿ ಸೈಗಾನ್ ಬಿತ್ತು, ಮರುವರ್ಷ ದೇಶ ಒಂದಾಯಿತು, ಉತ್ತರದ ಪದ್ಧತಿಯನ್ನು ದಕ್ಷಿಣದ ಮೇಲೂ ಹೇರಿದರು. ಮೆಕಾಂಗ್ ಮುಖಜಭೂಮಿಯ ರೈತರು ಸೆಟೆದು ನಿಂತರು. ಸಂಘಕ್ಕೆ ಕೊಡುವ ಬದಲು ಕೋಣ ಮಾರಿದರು, ಗದ್ದೆ ಪಾಳು ಬಿಟ್ಟರು. 1978ರಲ್ಲಿ ಚೀನಾದ ನೆರವು ನಿಂತಿತು, ಆ ವರ್ಷದ ಕೊನೆಗೆ ಕಾಂಬೋಡಿಯಾದ ಮೇಲೆ ದಂಡಯಾತ್ರೆ, 1979ರ ಫೆಬ್ರುವರಿಯಲ್ಲಿ ಉತ್ತರದ ಗಡಿಯಲ್ಲಿ ಚೀನಾದ ಸೈನ್ಯ. ಅಮೆರಿಕದ ದಿಗ್ಬಂಧನವಂತೂ ಇದ್ದೇ ಇತ್ತು.

ಪೇಟೆಗಳಲ್ಲಿ ಎಲ್ಲವೂ ರೇಷನ್. ಅಕ್ಕಿಗೆ ಒಂದು ಪುಸ್ತಕ, ಮಾಂಸಕ್ಕೆ ಚೀಟಿ, ಬಟ್ಟೆಗೆ ಚೀಟಿ. ಸರ್ಕಾರಿ ಅಂಗಡಿಯ ಮುಂದೆ ನಸುಕಿಗೇ ಸಾಲು. ಸಾಲಿನಲ್ಲಿ ಮನುಷ್ಯರಷ್ಟೇ ಇಟ್ಟಿಗೆಗಳೂ ಇರುತ್ತಿದ್ದವು. ಬೇರೆ ಕೆಲಸಕ್ಕೆ ಹೋಗಬೇಕಾದವರು ತಮ್ಮ ಗುರುತು ಹಾಕಿದ ಇಟ್ಟಿಗೆಯನ್ನೋ ಮುರುಕು ಬುಟ್ಟಿಯನ್ನೋ ಇಟ್ಟು ಹೋಗುತ್ತಿದ್ದರು, ಅದು ಅವರ ಜಾಗ. ಪುಸ್ತಕ ಕಳೆದುಹೋದರೆ ಗತಿಯಿಲ್ಲ. ಇವತ್ತಿಗೂ ಯಾರಾದರೂ ಮುಖ ಇಳಿಬಿಟ್ಟು ಕೂತಿದ್ದರೆ ವಿಯೆಟ್ನಾಮಿನವರು 'ಅಕ್ಕಿ ಪುಸ್ತಕ ಕಳೆದುಕೊಂಡ ಮುಖ' ಎನ್ನುತ್ತಾರೆ. ಹೇಳುವ ಹುಡುಗರು ಆ ಪುಸ್ತಕವನ್ನು ಕಂಡೇ ಇರುವುದಿಲ್ಲ.

ಅಕ್ಕಿ ಸಾಲದೆ ಹೋದಾಗ ಅದರ ಬದಲು ಕೊಡುತ್ತಿದ್ದ 'ಬೊಬೊ'ವನ್ನು ಆ ತಲೆಮಾರಿನವರು ಶಾಪ ಹಾಕಿ ನೆನೆಯುತ್ತಾರೆ. ಅದು ಜೋಳ. ವಿಜಯಪುರ, ಕಲಬುರಗಿಯ ಕಡೆಯವರು ಇದನ್ನೊಂದು ಕಷ್ಟವೆಂದು ಒಪ್ಪಲಿಕ್ಕಿಲ್ಲ. ಆದರೆ ಬೀಸುವ, ತಟ್ಟುವ ಅಭ್ಯಾಸವಿಲ್ಲದ ಕೈಗಳು ಸಿಪ್ಪೆ ಸಮೇತದ ಕಾಳನ್ನು ಅನ್ನದ ಹಾಗೆ ಬೇಯಿಸಿ ತಿನ್ನಬೇಕಾದರೆ ದವಡೆ ಸೋಲುತ್ತದೆ.

ಈ ನಡುವೆ ಬೇಲಿ ಅಲ್ಲಲ್ಲಿ ಮುರಿಯುತ್ತಿತ್ತು. 1977ರಲ್ಲಿ ಬಂದರು ನಗರ ಹಾಯ್ ಫಾಂಗ್ ಬಳಿಯ ದ್ವಾನ್ ಸಾ ಎಂಬ ಊರಿನ ಪಕ್ಷದವರು ಹೊರಗೆ ಬಾಯಿಬಿಡಬಾರದೆಂದು ಮಾತುಕೊಟ್ಟುಕೊಂಡು ಗದ್ದೆಗಳನ್ನು ಮನೆಗಳಿಗೆ ಒಪ್ಪಿಸಿದರು. ದಕ್ಷಿಣದಲ್ಲಿ ಇನ್ನೊಂದು ನಾಟಕ. ಹೊ ಚಿ ಮಿನ್ ನಗರದಲ್ಲಿ, ಅಂದರೆ ಹಳೆಯ ಸೈಗಾನಿನಲ್ಲಿ, ಅಕ್ಕಿ ಮುಗಿಯುತ್ತಿತ್ತು. ಕೆಲವೇ ಗಂಟೆಗಳ ದಾರಿಯ ಮೆಕಾಂಗ್ ಬಯಲಲ್ಲಿ ಭತ್ತವಿತ್ತು. ಸರ್ಕಾರದ ಬೆಲೆ ಕಿಲೊಗೆ ಅರ್ಧ ದೊಂಗ್ (ಅಲ್ಲಿನ ನಾಣ್ಯ), ಮಾರುಕಟ್ಟೆಯಲ್ಲಿ ಅದರ ಐದು ಪಟ್ಟು. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಚೀಲ ಸಾಗಿಸಿದರೆ ಚೆಕ್‌ಪೋಸ್ಟಿನಲ್ಲಿ ಮುಟ್ಟುಗೋಲು. ಬಾ ಥಿ ಎಂದೇ ಹೆಸರಾದ ಹೆಂಗಸೊಬ್ಬರು ಮಾರುಕಟ್ಟೆ ಬೆಲೆ ಕೊಟ್ಟು ಅಕ್ಕಿ ತರಲು ಮುಂದಾದರು. ನಗರದ ಪಕ್ಷ ಕಾರ್ಯದರ್ಶಿ ವೊ ವಾನ್ ಕಿಯೆಟ್ ಬೆನ್ನಿಗೆ ನಿಂತರು. ನೀವು ಜೈಲಿಗೆ ಹೋದರೆ ಊಟ ನಾನು ತಂದುಕೊಡುತ್ತೇನೆ ಎಂದು ಅವರು ಹೇಳಿದ್ದರೆಂಬ ಮಾತು ಅಲ್ಲಿ ಈಗ ದಂತಕಥೆ. ಅವರ ಗುಂಪಿಗೆ ಅವರೇ ಇಟ್ಟುಕೊಂಡ ತಮಾಷೆಯ ಹೆಸರು ಅಕ್ಕಿ ಕಳ್ಳಸಾಗಣೆ ಸಮಿತಿ. ಕಿಯೆಟ್ ಜೈಲಿಗೆ ಹೋಗಲಿಲ್ಲ, 1991ರಲ್ಲಿ ಪ್ರಧಾನಿಯಾದರು.

ಕಿಮ್ ಙೊಕ್ ಇದನ್ನೆಲ್ಲ ಎಷ್ಟು ಕಂಡರೋ. 1979ರ ಮೇ ತಿಂಗಳಲ್ಲಿ ತೀರಿಕೊಂಡರು, ದಾಖಲೆಯಲ್ಲಿ ಇನ್ನೂ 'ತಪ್ಪು ಮಾಡಿ ತಿದ್ದಿಕೊಂಡ ಕಾಮ್ರೇಡ್' ಆಗಿಯೇ.

ಇಪ್ಪತ್ತು ತಿಂಗಳ ನಂತರ, 1981ರ ಜನವರಿ 13ರಂದು, ಪಕ್ಷದ ಕೇಂದ್ರ ಕಾರ್ಯದರ್ಶಿ ಮಂಡಳಿ ಆದೇಶ 100 ಹೊರಡಿಸಿತು. ಗುತ್ತಿಗೆಗೆ ಮೊದಲ ಬಾರಿ ಇಡೀ ದೇಶದಲ್ಲಿ ಒಪ್ಪಿಗೆ. ಆದರೆ ಅರೆಮನಸ್ಸಿನ ಒಪ್ಪಿಗೆ. ಭತ್ತದ ಬೆಳೆಯನ್ನು ಎಂಟು ಹಂತಗಳಾಗಿ ಕತ್ತರಿಸಿದರು. ಉಳುಮೆ, ಬೀಜ, ನೀರು, ಗೊಬ್ಬರ, ಕೀಟನಾಶಕ ಈ ಐದು ಸಂಘದ ಕೈಯಲ್ಲಿ. ನಾಟಿ, ಆರೈಕೆ, ಕೊಯ್ಲು ಮೂರು ಮಾತ್ರ ಮನೆಯವರ ಕೈಯಲ್ಲಿ. ಸಸಿಗೆ ನೀರು ಬೇಕಾದಾಗ ಸಂಘದ ತಂಡ ಎಲ್ಲಿರುತ್ತದೋ ದೇವರೇ ಬಲ್ಲ. ಮನೆಯವರಿಗೆ ಹೊಣೆ ಇದೆ, ಅಧಿಕಾರವಿಲ್ಲ. ಇಷ್ಟಕ್ಕೇ ಮೊದಲ ಕೆಲವು ವರ್ಷ ಇಳುವರಿ ಜಿಗಿಯಿತು. ಜಿಗಿದ ಕೂಡಲೇ ಸಂಘಗಳು ಒಪ್ಪಂದದ ಭತ್ತವನ್ನೂ ಏರಿಸುತ್ತ ಹೋದವು. ಕೊನೆಗೆ ಮನೆಯಲ್ಲಿ ಉಳಿಯುವುದು ಬೆಳೆದದ್ದರಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆಯಾಗಿ, ಎಂಬತ್ತರ ದಶಕದ ನಡುವೆ ಜನ ಗದ್ದೆಯನ್ನೇ ವಾಪಸ್ಸು ಕೊಡತೊಡಗಿದರು. ರೈತ ಗದ್ದೆ ಬೇಡವೆನ್ನುವ ಹೊತ್ತಿಗೆ ವ್ಯವಸ್ಥೆ ಎಲ್ಲಿಗೆ ಮುಟ್ಟಿದೆ ಎಂದು ಕೇಳಬೇಕಿಲ್ಲ.

ಅದೇ ಮನುಷ್ಯ, ಬೇರೆ ಕಾಗದ

1986ರ ಜುಲೈ 10ರಂದು ಪ್ರಧಾನ ಕಾರ್ಯದರ್ಶಿ ಲೆ ಜುವಾನ್ ತೀರಿಕೊಂಡರು. ಆ ವರ್ಷದ ಹಣದುಬ್ಬರ ಶೇ 774. ಕುರ್ಚಿಗೆ ಬಂದವರು 79 ವರ್ಷದ ತ್ರುವಾಂಗ್ ಚಿನ್. 1956ರಲ್ಲಿ ಇಳಿದ ಅದೇ ಹುದ್ದೆ, ಮೂವತ್ತು ವರ್ಷದ ನಂತರ.

ಅವರು ಅಷ್ಟರಲ್ಲಿ ಬದಲಾಗಿದ್ದರು. 1983ರ ಜುಲೈನಲ್ಲಿ ದಾಲತ್ ಗಿರಿಧಾಮದಲ್ಲಿ, ಆಗ ಹೊ ಚಿ ಮಿನ್ ನಗರದ ಪಕ್ಷ ಕಾರ್ಯದರ್ಶಿಯಾಗಿದ್ದ ಙುಯೆನ್ ವಾನ್ ಲಿನ್ ಒತ್ತಾಯಕ್ಕೆ, ಬೇಲಿ ಮುರಿದ ದಕ್ಷಿಣದ ಕಾರ್ಖಾನೆ ನಿರ್ದೇಶಕರ ಮಾತನ್ನು ದಿನಗಟ್ಟಲೆ ಕೂತು ಕೇಳಿದ್ದರು. ಅರ್ಥಶಾಸ್ತ್ರಜ್ಞರ ಸಣ್ಣ ಗುಂಪೊಂದನ್ನು ಕಟ್ಟಿಕೊಂಡು ಪ್ರಾಂತ್ಯಗಳನ್ನು ಸುತ್ತಿದ್ದರು. ಡಿಸೆಂಬರಿನ ಆರನೇ ಮಹಾಧಿವೇಶನಕ್ಕೆ ಸಿದ್ಧವಾಗಿದ್ದ ಹಳೆಯ ವರದಿಯನ್ನು ಬದಿಗಿಟ್ಟು ಹೊಸದನ್ನೇ ಬರೆಸಿದರು. ಸತ್ಯವನ್ನು ನೇರವಾಗಿ ನೋಡಿ, ಸರಿಯಾಗಿ ಅಳೆಯಿರಿ, ಸ್ಪಷ್ಟವಾಗಿ ಹೇಳಿ ಎಂಬ ಪ್ರಸಿದ್ಧ ಸಾಲು ಬರುವುದು ಅದರಲ್ಲಿಯೇ. ವಿನ್ ಫುಕ್‌ನ ಗುತ್ತಿಗೆಯನ್ನು ಹೂತವರೇ ದೊಯ್ ಮೊಯ್‌ನ ವರದಿ ಓದಿದರು, ಓದಿ ಕುರ್ಚಿಯನ್ನು ಲಿನ್‌ಗೆ ಬಿಟ್ಟು ಇಳಿದರು. ಇದನ್ನು ಅವಕಾಶವಾದ ಎನ್ನಬಹುದು. ನನಗೆ ಹಾಗನಿಸುವುದಿಲ್ಲ. ಎಂಬತ್ತರ ಹೊಸ್ತಿಲಲ್ಲಿ ತಾನು ಕಟ್ಟಿದ್ದನ್ನು ತಾನೇ ಬಿಚ್ಚುವುದು ಯಾವ ಪಕ್ಷದವನಿಗೂ ಸುಲಭವಲ್ಲ. ಆದರೆ ಅವರ ಮನಸ್ಸು ತಿರುಗುವವರೆಗೆ ಕೋಟಿಗಟ್ಟಲೆ ಜನ ಕಾಯಬೇಕಾಯಿತೆಂಬುದೂ ಅಷ್ಟೇ ನಿಜ.

ಕಾಯುವುದು ಇನ್ನೂ ಮುಗಿದಿರಲಿಲ್ಲ. ಮಹಾಧಿವೇಶನ ಘೋಷಣೆ ಮಾಡಿತು, ಗದ್ದೆಯ ನಿಯಮ ಹಾಗೇ ಇತ್ತು. 1988ರ ವಸಂತದಲ್ಲಿ ಉತ್ತರದ ಪ್ರಾಂತ್ಯಗಳಲ್ಲಿ 90 ಲಕ್ಷಕ್ಕೂ ಹೆಚ್ಚು ಜನ ಹಸಿವಿಗೆ ಸಿಕ್ಕಿದರು. ಆ ಏಪ್ರಿಲ್ 5ರಂದು ಪಾಲಿಟ್‌ಬ್ಯುರೊ ನಿರ್ಣಯ 10 ಹೊರಡಿಸಿತು. ಹಳ್ಳಿಗಳಲ್ಲಿ ಇಂದಿಗೂ ಅದು 'ಖೊವಾನ್ 10', ಹತ್ತನೇ ಗುತ್ತಿಗೆ. ಮನೆಯೇ ಬೇಸಾಯದ ಘಟಕ, ಎಂಟೂ ಹಂತ ಮನೆಯದು, ಗದ್ದೆ 15 ವರ್ಷದವರೆಗೆ, ಬೆಳೆದದ್ದರಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಮನೆಗೆ ಖಾತ್ರಿ. ತ್ರುವಾಂಗ್ ಚಿನ್ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

1988ರಲ್ಲಿ ಅಕ್ಕಿ ಆಮದು ಮಾಡಿಕೊಂಡಿದ್ದ ದೇಶ 1989ರಲ್ಲಿ ಸುಮಾರು 14 ಲಕ್ಷ ಟನ್ ರಫ್ತು ಮಾಡಿತು. ಈ ಅಂಕಿಯನ್ನು ಹತ್ತನೇ ಗುತ್ತಿಗೆಯ ಪವಾಡವೆಂದು ಬರೆಯುವುದು ವಾಡಿಕೆ. ಸ್ವಲ್ಪ ತಡೆಯಬೇಕು. ರಫ್ತಾದ ಅಕ್ಕಿ ಬಹುಪಾಲು ಮೆಕಾಂಗ್ ಬಯಲಿನದು, ಅಲ್ಲಿ ಸಾಮೂಹಿಕ ಬೇಸಾಯ ಎಂದೂ ಗಟ್ಟಿಯಾಗಿ ಬೇರೂರಿರಲಿಲ್ಲ. ಚೆಕ್‌ಪೋಸ್ಟುಗಳು ಹೋಗಿದ್ದವು, 1989ರಲ್ಲಿ ಸರ್ಕಾರಿ ಬೆಲೆಗಳೂ ಹೋದವು, ಹೆಚ್ಚು ಇಳುವರಿಯ ತಳಿಗಳೂ ಬಂದಿದ್ದವು. ಗುತ್ತಿಗೆ ಇವೆಲ್ಲದರ ಜೊತೆ ಬಂತು. ಆದರೆ ಗುತ್ತಿಗೆ ಇಲ್ಲದೆ ಉಳಿದವು ಯಾವುವೂ ಕೆಂಪು ನದಿಯ ಬಯಲಿನ ತಟ್ಟೆ ತುಂಬುತ್ತಿರಲಿಲ್ಲ.

ಇಂದಿನ ಕಡತ

1993ರ ಭೂಕಾಯ್ದೆ ರೈತನಿಗೆ ಗದ್ದೆಯ ಬಳಕೆಯ ಹಕ್ಕನ್ನು ಮಾರುವ, ಬದಲಿಸಿಕೊಳ್ಳುವ, ಗೇಣಿಗೆ ಕೊಡುವ, ಒತ್ತೆಯಿಡುವ, ಮಕ್ಕಳಿಗೆ ಬಿಡುವ ಅವಕಾಶ ಕೊಟ್ಟಿತು. ಅದರ ಬೆನ್ನಿಗೇ ಮಧ್ಯದ ಎತ್ತರದ ನಾಡುಗಳಲ್ಲಿ ರೊಬಸ್ಟಾ ಕಾಫಿ, ಕರಿಮೆಣಸು ಹಬ್ಬಿದವು. ಆ ಬೆಟ್ಟಗಳ ಮೂಲನಿವಾಸಿ ಏಡೆ, ಜರಾಯ್ ಜನ ತಮ್ಮ ನೆಲ ವಲಸಿಗರ ಪಾಲಾಗುವುದನ್ನು ನೋಡಿ 2001ರಲ್ಲಿ, 2004ರಲ್ಲಿ ಬೀದಿಗಿಳಿದರು, ಅದನ್ನು ಹತ್ತಿಕ್ಕಲಾಯಿತು. ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರಿಗೆ ಈ ಕಥೆಯ ಬಾಲ ಚೆನ್ನಾಗಿ ಗೊತ್ತು. ವಿಯೆಟ್ನಾಂ ಮೆಣಸು ಬಂದು ಬೆಲೆ ಬಿತ್ತೆಂಬ ಕೂಗಿಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೊಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ್ದು ನೆನಪಿರಬಹುದು. 2024ರಲ್ಲಿ ರೊಬಸ್ಟಾ ದಾಖಲೆಯ ಬೆಲೆ ಮುಟ್ಟಿದ್ದಕ್ಕೆ ಅಲ್ಲಿನ ಬರ ಒಂದು ಮುಖ್ಯ ಕಾರಣ.

ಭೂಮಿಯ ಒಡೆತನ ಮಾತ್ರ ಇನ್ನೂ 'ಇಡೀ ಜನತೆಯದು', ನಿರ್ವಹಣೆ ಸರ್ಕಾರದ್ದು. ಪಕ್ಷವೇ ದೇಶದ ನಾಯಕಶಕ್ತಿ ಎಂದು ಸಂವಿಧಾನದ 4ನೇ ವಿಧಿ ಹೇಳುತ್ತದೆ. ರೈತನಿಗಿರುವುದು ಅವಧಿಯ ಹಕ್ಕು. ಅವಧಿ ಮುಗಿದರೆ? 2012ರ ಜನವರಿಯಲ್ಲಿ ಹಾಯ್ ಫಾಂಗ್‌ನ ತಿಯೆನ್ ಲಾಂಗ್‌ನಲ್ಲಿ ಈ ಪ್ರಶ್ನೆ ಸಿಡಿಯಿತು. ಅದು ಗುಟ್ಟಿನ ಗುತ್ತಿಗೆಯ ದ್ವಾನ್ ಸಾ ಕಡೆಯದೇ ಕರಾವಳಿ. ಉಪ್ಪುನೀರಿನ ಜೌಗಿಗೆ ಒಡ್ಡು ಕಟ್ಟಿ ಮೀನುಕೊಳ ಮಾಡಿದ್ದ ಕುಟುಂಬವನ್ನು ಅವಧಿ ಮುಗಿಯಿತೆಂದು ಪರಿಹಾರವಿಲ್ಲದೆ ಎಬ್ಬಿಸಲು ಪೊಲೀಸರು ಬಂದಾಗ ಅವರು ನಾಡಬಂದೂಕು, ಮನೆಯಲ್ಲೇ ಮಾಡಿದ ಸಿಡಿಮದ್ದಿನಿಂದ ಎದುರಿಸಿದರು. ದೇಶದ ಸಹಾನುಭೂತಿ ಆ ಕುಟುಂಬದ ಕಡೆಗಿತ್ತು. ಒಕ್ಕಲೆಬ್ಬಿಸಿದ್ದು ಕಾನೂನುಬಾಹಿರವೆಂದು ಸ್ವತಃ ಪ್ರಧಾನಿಯೇ ಒಪ್ಪಿದರು. ಆದರೂ ಮನೆಯ ಯಜಮಾನನಿಗೆ ಐದು ವರ್ಷ ಜೈಲಾಯಿತು.

ವಿನ್ ಫುಕ್ 1997ರಲ್ಲಿ ಮತ್ತೆ ಬೇರೆ ಪ್ರಾಂತ್ಯವಾಯಿತು. ಗದ್ದೆಯಿದ್ದ ಕಡೆ ಹೋಂಡಾ, ಟೊಯೊಟಾ, ಪಿಯಾಜಿಯೊ ಕಾರ್ಖಾನೆಗಳು ಎದ್ದವು. 2025ರ ಜುಲೈ 1ರಿಂದ ಪ್ರಾಂತ್ಯಗಳನ್ನು 63ರಿಂದ 34ಕ್ಕೆ ಇಳಿಸಿದಾಗ ಅದು ಮತ್ತೊಮ್ಮೆ ಫು ಥೊದಲ್ಲಿ ಕರಗಿತು. ಕಿಮ್ ಙೊಕ್‌ಗೆ 2009ರಲ್ಲಿ, ಸತ್ತ ಮೂವತ್ತು ವರ್ಷಕ್ಕೆ, ಹೊ ಚಿ ಮಿನ್ ಪದಕ ಬಂತು. ತ್ರುವಾಂಗ್ ಚಿನ್ ಹೆಸರಿನ ರಸ್ತೆಗಳು ದೇಶದ ದೊಡ್ಡ ಊರುಗಳಲ್ಲೆಲ್ಲ ಇವೆ. ಹನೋಯ್‌ನಲ್ಲಿರುವುದನ್ನು 2014ರ ಹೊತ್ತಿಗೆ ಅಗಲ ಮಾಡುವಾಗ, ನೇರ ಹೋಗಬೇಕಿದ್ದದ್ದು ನಡುವೆ ಯಾಕೋ ಬಾಗಿತು, ಯಾರ ಮನೆ ಉಳಿಸಲು ಬಾಗಿಸಿದಿರೆಂದು ಜನ ಗಲಾಟೆ ಎಬ್ಬಿಸಿದರು. ಅಧಿಕಾರಿಗಳು ಕೊಟ್ಟ ವಿವರಣೆ ಕೂಡಲೇ ಊರೆಲ್ಲ ನಗುವ ಮಾತಾಯಿತು: ರಸ್ತೆ ವಕ್ರವಾಗಿಲ್ಲ, ಮೃದುವಾಗಿ ಬಾಗಿದೆ.